ಬಿಳಿ ಸಿಮೆಂಟ್ ಹಲ್ಲಿನಲ್ಲಿ ನಿಲ್ಲಬೇಕಾದರೆ: ಕಾಂಪೊಸಿಟ್ ಫಿಲ್ಲಿಂಗ್‌ಗೆ ಒಂದು ಸಮಗ್ರ ಮಾರ್ಗದರ್ಶಿ

"ಬಿಳಿ ಸಿಮೆಂಟ್ ಹಾಕಿಬಿಡಿ ಡಾಕ್ಟರೇ, ಹತ್ತು ನಿಮಿಷದ ಕೆಲಸ ಅಲ್ಲವೇ?" ಎನ್ನುತ್ತಲೇ ಕುರ್ಚಿಗೆ ಒರಗುವವರು ನನಗೆ ವಾರ ವಾರವೂ ಸಿಗುತ್ತಾರೆ. ಅವರ ತಪ್ಪೇನೂ ಇಲ್ಲ. ಬಾಯೊಳಗೆ ನಾವು ದಂತವೈದ್ಯರು ಏನು ಮಾಡುತ್ತೇವೆ ಎಂಬುದು ಮಲಗಿದವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ತಲೆಯ ಮೇಲಿನ ದೀಪ, ಕೇಳುವುದು ಯಂತ್ರದ ಸದ್ದು. ಕೆಲಸ ಮುಗಿದ ಮೇಲೆ ಕನ್ನಡಿ ಹಿಡಿದು ನೋಡಿದರೆ ನಿಧಾನವಾಗಿ ಮಾಡಿದ ಫಿಲ್ಲಿಂಗೂ ಅವಸರದ ಫಿಲ್ಲಿಂಗೂ ಒಂದೇ ಥರ ಬೆಳ್ಳಗೆ ಹೊಳೆಯುತ್ತವೆ. ವ್ಯತ್ಯಾಸ ಗೊತ್ತಾಗುವುದು ಒಂದೆರಡು ವರ್ಷದ ಮೇಲೆ, ಅಂಚಿನಲ್ಲಿ ಕಪ್ಪು ಗೆರೆ ಮೂಡಿ, ಐಸ್‌ಕ್ರೀಮ್ ತಾಗಿದಾಗ ಹಲ್ಲು ಜುಮ್ ಎಂದಾಗ.

ಕಾಂಪೊಸಿಟ್ ಎಂಬ ಈ ಹಲ್ಲಿನ ಬಣ್ಣದ ವಸ್ತುವನ್ನು ಎಲ್ಲರೂ ಸಿಮೆಂಟ್ ಎನ್ನುತ್ತಾರಾದರೂ ಅದು ಸಿಮೆಂಟ್ ಅಲ್ಲ, ರಾಳ. ಅದರೊಳಗೆ ಕಣ್ಣಿಗೆ ಕಾಣದಷ್ಟು ನುಣುಪಾದ ಗಾಜಿನ ಪುಡಿ ಬೆರೆತಿರುತ್ತದೆ. ನೀಲಿ ಬೆಳಕು ಬೀಳುವವರೆಗೆ ಮೆದುವಾಗಿರುತ್ತದೆ, ಬೆಳಕು ಬಿದ್ದ ಮೇಲೆ ಕಲ್ಲಾಗುತ್ತದೆ. ಅದು ಹಲ್ಲಿನಲ್ಲಿ ನಿಲ್ಲುವುದು ಅಂಟಿನ ಬಲದಿಂದ. ಅಂಟಬೇಕಾದರೆ ಹಲ್ಲಿಗೆ ಜೊಲ್ಲು, ರಕ್ತ ತಾಗಬಾರದು. ಇಡೀ ವಿದ್ಯೆಯ ತಿರುಳು ಇಷ್ಟೇ: ತೇವವನ್ನು ದೂರವಿಡುವುದು ಮತ್ತು ಅವಸರ ಮಾಡದಿರುವುದು. ಮುಂದಿನ ಪ್ರತಿಯೊಂದು ಹಂತವನ್ನೂ ಈ ಎರಡು ಕಣ್ಣುಗಳಿಂದಲೇ ನೋಡಿ. ನಿಮ್ಮ ಬಾಯಲ್ಲಿ ನಡೆಯುವ ಕೆಲಸ ನಿಮಗೆ ಗೊತ್ತಿದ್ದರೆ ಅದಕ್ಕೆ ಬೇಕಾದ ಮುಕ್ಕಾಲು ಗಂಟೆ ಕೊಡಲು ಮನಸ್ಸು ಒಪ್ಪುತ್ತದೆ, ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಧೈರ್ಯವೂ ಬರುತ್ತದೆ.

ಹಂತ 1: ಈ ಹಲ್ಲಿಗೆ ಫಿಲ್ಲಿಂಗ್ ಸಾಕೇ ಎಂದು ತಿಳಿಯುವುದು

ಹುಳುಕು ಎಂಬ ನಮ್ಮ ಮಾತಿನೊಳಗೇ ಹುಳು ಕೂತಿದೆ. ನೆಲಗುಳ್ಳದ ಬೀಜ ಸುಟ್ಟು, ಆ ಹೊಗೆಯನ್ನು ಬಾಯಿಗೆ ಹಿಡಿದು ಹುಳು ಉದುರಿಸುವ ಪದ್ಧತಿಯೂ ಹಳ್ಳಿಗಳಲ್ಲಿತ್ತು. ಹಲ್ಲಿನಲ್ಲಿ ಹುಳುವಿಲ್ಲ. ಹಲ್ಲಿಗೆ ಮೆತ್ತಿಕೊಂಡ ಪಾಚಿಯಂಥ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಅಲ್ಲಿನ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆಮ್ಲವನ್ನು ತಣಿಸಿ ಖನಿಜವನ್ನು ಮರಳಿ ತುಂಬಲು ನೋಡುತ್ತದೆ. ಅಷ್ಟರಲ್ಲಿ ಇನ್ನೊಂದು ಲೋಟ ಸಕ್ಕರೆ ಕಾಫಿ ಬಂದರೆ ಮತ್ತೆ ಮೊದಲಿನಿಂದ ಶುರು. ದಿನಕ್ಕೊಮ್ಮೆ ಹೋಳಿಗೆ ತಿನ್ನುವವರಿಗಿಂತ ದಿನವಿಡೀ ಗುಟುಕು ಗುಟುಕಾಗಿ ಸಿಹಿ ಕುಡಿಯುವವರ ಹಲ್ಲು ಬೇಗ ಹುಳುಕಾಗುವುದು ಇದಕ್ಕೇ.

ಎನಾಮೆಲ್ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಮಾತ್ರ ಇದ್ದು ಮೇಲ್ಮೈ ಒಡೆದಿಲ್ಲವಾದರೆ ಕೊರೆಯುವ ಅಗತ್ಯವಿಲ್ಲ. ಫ್ಲೋರೈಡ್ ವಾರ್ನಿಷ್, ಸರಿಯಾದ ಹಲ್ಲುಜ್ಜುವಿಕೆ ಮತ್ತು ಸಿಹಿಯ ಮೇಲೆ ಹಿಡಿತ, ಇವುಗಳಿಂದ ಅದು ಅಲ್ಲಿಗೇ ನಿಲ್ಲಬಹುದು. ದವಡೆಹಲ್ಲಿನ ಸೀಳಿನಲ್ಲಿ ಕಪ್ಪು ಗೆರೆ ಕಂಡ ಮಾತ್ರಕ್ಕೂ ಫಿಲ್ಲಿಂಗ್ ಬೇಕೆಂದಿಲ್ಲ, ಅದು ಬರಿಯ ಕಲೆಯಾಗಿರಬಹುದು. ಕುಳಿ ಬಿದ್ದು ಊಟ ಸಿಕ್ಕಿಕೊಳ್ಳುತ್ತಿದ್ದರೆ, ಎನಾಮೆಲ್ ಅಡಿಯಲ್ಲಿ ಬೂದು ನೆರಳು ಕಾಣುತ್ತಿದ್ದರೆ, ಎಕ್ಸ್‌ರೇಯಲ್ಲಿ ಹುಳುಕು ಅದರಡಿಯ ಪದರವಾದ ಡೆಂಟಿನ್‌ಗೆ ಇಳಿದಿದ್ದರೆ ಆಗ ತುಂಬಿಸಬೇಕು. ಎರಡು ಹಲ್ಲುಗಳ ನಡುವಿನ ಹುಳುಕು ಬರಿಗಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಬೈಟ್‌ವಿಂಗ್ ಎಂಬ ಪುಟ್ಟ ಎಕ್ಸ್‌ರೇ ಬೇಕಾಗುತ್ತದೆ. ವೈದ್ಯರು ಅದನ್ನು ತೆಗೆಯೋಣ ಎಂದರೆ ಅನಗತ್ಯ ಖರ್ಚು ಎಂದುಕೊಳ್ಳಬೇಡಿ.

ನೋವಿನ ಸ್ವಭಾವವನ್ನು ನೀವೇ ಗಮನಿಸಿಕೊಂಡು ಹೋಗಿ. ತಣ್ಣನೆಯ ನೀರು ಅಥವಾ ಸಿಹಿ ತಾಗಿದಾಗ ಜುಮ್ ಎಂದು ಕೆಲವೇ ಕ್ಷಣಗಳಲ್ಲಿ ಹೋಗಿಬಿಟ್ಟರೆ ಹಲ್ಲಿನ ಜೀವಭಾಗ ಇನ್ನೂ ಚೇತರಿಸಿಕೊಳ್ಳಬಲ್ಲದು, ಫಿಲ್ಲಿಂಗ್ ಸಾಕಾಗಬಹುದು. ತಣ್ಣನೆಯದು ಬಾಯಿಂದ ಹೋದ ಮೇಲೂ ನಿಮಿಷಗಟ್ಟಲೆ ಸಿಡಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಬಿಸಿ ಕಾಫಿಗೆ ನೋವು ಕೆರಳಿದರೆ ಒಳಗಿನ ನರ ಬಹುಪಾಲು ಕೆಟ್ಟಿದೆ. ಅಂಥ ಹಲ್ಲಿಗೆ ರೂಟ್ ಕೆನಾಲ್ ಬೇಡ, ಸುಮ್ಮನೆ ಸಿಮೆಂಟ್ ಹಾಕಿ ಎಂದು ಒತ್ತಾಯಿಸಬೇಡಿ. ಮುಚ್ಚಿದ ಪಾತ್ರೆಯೊಳಗೆ ಬೆಂಕಿ ಇಟ್ಟಂತಾಗುತ್ತದೆ.

ಒಡೆದ ಭಾಗ ಎಷ್ಟು ದೊಡ್ಡದು ಎಂಬುದೂ ಮುಖ್ಯ. ಚಕ್ಕುಲಿ, ಕೋಡುಬಳೆ ಕಚ್ಚಿ ದವಡೆಹಲ್ಲಿನ ಒಂದು ದಿಬ್ಬವೇ ಹಾರಿಹೋಗಿದ್ದರೆ, ಉಳಿದ ಗೋಡೆಗಳು ತೆಳ್ಳಗಾಗಿದ್ದರೆ, ಫಿಲ್ಲಿಂಗ್‌ಗಿಂತ ಕ್ಯಾಪ್ ಅಥವಾ ಆನ್‌ಲೇ ಎಂಬ ಅರ್ಧ ಕವಚ ಹೆಚ್ಚು ಸುರಕ್ಷಿತ. ಕಾಂಪೊಸಿಟ್ ಒಳ್ಳೆಯ ವಸ್ತು. ಆದರೆ ಬೇಲಿಯೇ ಇಲ್ಲದ ಕಡೆ ಗೇಟು ಕೂರಿಸಲಾಗುವುದಿಲ್ಲ.

ಹಂತ 2: ಯಾವ ವಸ್ತು ಎಂದು ಸ್ಪಷ್ಟವಾಗಿ ಕೇಳುವುದು

ಬಿಳಿಯಾಗಿದ್ದದ್ದೆಲ್ಲ ಕಾಂಪೊಸಿಟ್ ಅಲ್ಲ. ಗ್ಲಾಸ್ ಅಯಾನೊಮರ್ ಎಂಬ ಇನ್ನೊಂದು ಬಿಳಿ ವಸ್ತುವಿದೆ. ಅದು ಹಲ್ಲಿನ ಜೊತೆ ತಾನಾಗಿ ಬೆಸೆದುಕೊಳ್ಳುತ್ತದೆ, ಸ್ವಲ್ಪ ತೇವವನ್ನೂ ಸಹಿಸುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಆದರೆ ಅಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ, ಬಣ್ಣವೂ ಮಂಕು. ಕುರ್ಚಿಯಲ್ಲಿ ಕೂರದ ಪುಟ್ಟ ಮಕ್ಕಳಿಗೆ, ಒಸಡಿನಂಚಿನಲ್ಲಿ ತೇವ ನಿಲ್ಲಿಸಲಾಗದ ವೃದ್ಧರ ಬೇರಿನ ಹುಳುಕಿಗೆ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಅಂದಕ್ಕಾಗಿ ಕಾಂಪೊಸಿಟ್ ಹಟ ಹಿಡಿದರೆ ಹಣವೂ ಹಲ್ಲೂ ಹೋಗುತ್ತವೆ.

ನಮ್ಮ ಅಪ್ಪ ಅಮ್ಮಂದಿರ ಬಾಯಲ್ಲಿರುವ 'ಬೆಳ್ಳಿ ಸಿಮೆಂಟ್' ಅಮಾಲ್ಗಮ್. ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಅದು ಗಟ್ಟಿ, ಬಾಳಿಕೆಯದ್ದು, ತೇವಕ್ಕೂ ಅಷ್ಟಾಗಿ ಹೆದರುವುದಿಲ್ಲ. ಪಾದರಸ ಪರಿಸರಕ್ಕೆ ಸೇರುವುದನ್ನು ತಡೆಯಲು 2013ರಲ್ಲಿ ಮಿನಮಾಟ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಕೆಲವು ವಿನಾಯಿತಿಗಳೊಂದಿಗೆ ಅಮಾಲ್ಗಮ್ ಬಳಕೆಯನ್ನೇ ನಿಲ್ಲಿಸಿದೆ. ಹಾಗೆಂದು ನಿಮ್ಮ ಬಾಯಲ್ಲಿ ಗಟ್ಟಿಯಾಗಿ ಕೂತಿರುವ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಹೆದರಿ ತೆಗೆಸಬೇಡಿ. ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಡುತ್ತದೆ, ಜೊತೆಗೆ ಒಂದಿಷ್ಟು ಒಳ್ಳೆಯ ಹಲ್ಲೂ ಹೋಗುತ್ತದೆ.

ಖರ್ಚು ಊರಿಂದ ಊರಿಗೆ, ಹಲ್ಲಿಂದ ಹಲ್ಲಿಗೆ ಬದಲಾಗುತ್ತದೆ. ಕೈ ಬಿಗಿ ಇರುವವರು ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಅಲ್ಲಿ ಹೆಚ್ಚು ಹೊತ್ತು ಕೂರಬೇಕಾಗುತ್ತದೆ, ಆದರೆ ಕಲಿಯುವವರು ನಿಯಮ ಬಿಡದೆ ಮಾಡುತ್ತಾರೆ, ಪಕ್ಕದಲ್ಲಿ ಅಧ್ಯಾಪಕರು ನಿಂತು ನೋಡುತ್ತಾರೆ.

ಹಂತ 3: ಹೋಗುವ ದಿನದ ಸಿದ್ಧತೆ

ಊಟ ಅಥವಾ ತಿಂಡಿ ಮುಗಿಸಿಯೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಇಂಜೆಕ್ಷನ್ ತೆಗೆದುಕೊಂಡರೆ ತಲೆ ಸುತ್ತಬಹುದು, ಮುಗಿದ ಮೇಲೂ ಎರಡು ಮೂರು ಗಂಟೆ ತಿನ್ನಲಾಗುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿಯಾಗಿದ್ದರೆ ಎಷ್ಟನೇ ತಿಂಗಳು, ಯಾವುದಾದರೂ ಔಷಧಿಗೆ ಅಲರ್ಜಿ ಇವೆಲ್ಲವನ್ನೂ ಕೇಳದಿದ್ದರೂ ಹೇಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನೋವಿಗೆಂದು ಕುಳಿಯೊಳಗೆ ಲವಂಗದ ಎಣ್ಣೆ ಇಟ್ಟುಕೊಂಡಿದ್ದರೆ ಅದನ್ನು ತಪ್ಪದೆ ತಿಳಿಸಿ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ರಾಳ ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡುತ್ತದೆ. ಗೊತ್ತಿದ್ದರೆ ವೈದ್ಯರು ಹೆಚ್ಚು ಎಚ್ಚರದಿಂದ ಸ್ವಚ್ಛಗೊಳಿಸುತ್ತಾರೆ. ಮುಂದಿನ ಹಲ್ಲುಗಳಿಗೆ ಬ್ಲೀಚಿಂಗ್ ಮಾಡಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ, ಒಂದೆರಡು ವಾರ ಬಿಟ್ಟು ಫಿಲ್ಲಿಂಗ್‌ಗೆ ಬನ್ನಿ. ಕಾಂಪೊಸಿಟ್ ಬ್ಲೀಚ್‌ಗೆ ಬೆಳ್ಳಗಾಗುವುದಿಲ್ಲ, ಬ್ಲೀಚ್ ಆದ ಹಲ್ಲಿಗೆ ಆ ಕೂಡಲೇ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ಹಂತ 4: ಎಲ್ಲಕ್ಕಿಂತ ಮೊದಲು ಬಣ್ಣ

ಬಣ್ಣ ನೋಡುವುದು ಕೊನೆಯ ಕೆಲಸ ಎಂದು ತೋರಬಹುದು, ಆದರೆ ಅದೇ ಮೊದಲಿನದು. ಬಾಯಿ ತೆರೆದು ಕೆಲವು ನಿಮಿಷ ಕಳೆದರೆ ಹಲ್ಲು ಒಣಗಿ ತನ್ನ ನಿಜಬಣ್ಣಕ್ಕಿಂತ ಬೆಳ್ಳಗಾಗುತ್ತದೆ. ಆಗ ನೋಡಿ ಆರಿಸಿದರೆ ಮನೆಗೆ ಹೋದ ಮೇಲೆ ಫಿಲ್ಲಿಂಗ್ ಮಾತ್ರ ಬೇರೆಯಾಗಿ ಎದ್ದು ಕಾಣುತ್ತದೆ. ಕಿಟಕಿಯ ಹಗಲು ಬೆಳಕಿನಲ್ಲಿ, ತುಟಿಯ ಬಣ್ಣ ಒರೆಸಿ, ಹದಿನಾರು ಛಾಯೆಗಳ ಮಾದರಿಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು ನೋಡುತ್ತೇವೆ. ಎ2, ಎ3 ಎಂದು ವೈದ್ಯರು ಹೇಳುವುದು ಆ ಛಾಯೆಗಳ ಗುರುತು. ಒಸಡಿನ ಬಳಿ, ಅಂದರೆ ಹಲ್ಲಿನ ಕುತ್ತಿಗೆಯ ಕಡೆ, ಹಲ್ಲು ಹಳದಿ, ತುದಿಯ ಕಡೆ ಪಾರದರ್ಶಕ. ಮುಂದಿನ ಹಲ್ಲಿಗೆ ಒಂದೇ ಛಾಯೆ ಸಾಲುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಾದರೆ ಇಲ್ಲಿ ಇನ್ನೊಂದು ಮಾತು. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಕುಡಿದು ಬೆಳೆದ ಹಲ್ಲುಗಳಲ್ಲಿ ಬಿಳಿ, ಕಂದು ಪಟ್ಟೆಗಳಿರುತ್ತವೆ. ಅಂಥ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಬಣ್ಣ ಹೊಂದಿಸುವುದೂ ಕಷ್ಟ, ಮುಂದೆ ಹೇಳುವ ಆಮ್ಲದ ಹಂತಕ್ಕೂ ಹೆಚ್ಚು ಸಮಯ ಬೇಕಾಗಬಹುದು. ಎಲ್ಲಿ ಹುಟ್ಟಿ ಬೆಳೆದಿರಿ ಎಂದು ನಾನು ಕೇಳುವುದು ಬರಿಯ ಕುಶಲೋಪರಿಯಲ್ಲ.

ಹಂತ 5: ಮರಗಟ್ಟಿಸುವುದು, ರಬ್ಬರ್ ಹಾಳೆ ಹಾಕುವುದು

ಹುಳುಕು ಮೇಲ್ಮೈಯಲ್ಲೇ ಇದ್ದರೆ ಇಂಜೆಕ್ಷನ್ ಬೇಕಿಲ್ಲ. ಡೆಂಟಿನ್‌ಗೆ ಇಳಿದಿದ್ದರೆ ತೆಗೆದುಕೊಳ್ಳಿ. ನೋವು ಸಹಿಸುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ. ನೀವು ಬೆಚ್ಚಿ ನಾಲಿಗೆ ಅಲ್ಲಾಡಿಸಿದರೆ ತೇವ ಒಳಗೆ ಬರುತ್ತದೆ. ಸಾಮಾನ್ಯವಾಗಿ ಬಳಸುವುದು ಲಿಗ್ನೋಕೇನ್. ಕೆಳದವಡೆಗೆ ಕೊಟ್ಟಾಗ ಅರ್ಧ ತುಟಿ, ಅರ್ಧ ನಾಲಿಗೆ ದಪ್ಪವಾದಂತೆ ಅನಿಸುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬಂದೆವು. ರಬ್ಬರ್ ಡ್ಯಾಮ್ ಎಂದರೆ ಅಂಗೈಗಿಂತ ಸ್ವಲ್ಪ ಅಗಲದ ತೆಳು ರಬ್ಬರ್ ಹಾಳೆ. ಅದರಲ್ಲಿ ರಂಧ್ರ ಮಾಡಿ, ಹಲ್ಲನ್ನು ಆ ರಂಧ್ರದಿಂದ ಮೇಲೆತ್ತಿ, ಬುಡಕ್ಕೆ ಪುಟ್ಟ ಲೋಹದ ಹಿಡಿಕೆ ಸಿಕ್ಕಿಸುತ್ತೇವೆ. ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫೋರ್ಡ್ ಬಾರ್ನಮ್ ಇದನ್ನು 1864ರಲ್ಲೇ ಬಳಕೆಗೆ ತಂದರು. ನೂರ ಅರವತ್ತು ವರ್ಷ ಕಳೆದರೂ ಎಷ್ಟೋ ಕಡೆ ಇದನ್ನು ಬಳಸುವುದಿಲ್ಲ, ಹಾಕಲು ಐದು ನಿಮಿಷ ಬೇಕು ಎಂಬ ಕಾರಣಕ್ಕೆ. ಆ ಐದು ನಿಮಿಷವೇ ಫಿಲ್ಲಿಂಗ್‌ನ ಆಯುಷ್ಯ ಎಂದು ನಾನು ನಂಬಿದ್ದೇನೆ. ಹಾಳೆ ಕೂತ ಮೇಲೆ ನೋಡಬೇಕು: ನೀಲಿ ಹಿನ್ನೆಲೆಯಲ್ಲಿ ಒಂದೇ ಒಂದು ಹಲ್ಲು, ನಾಲಿಗೆಯಿಲ್ಲ, ಕೆನ್ನೆಯಿಲ್ಲ, ಜೊಲ್ಲಿಲ್ಲ. ಕೈ ತಾನಾಗಿ ನಿಧಾನವಾಗುತ್ತದೆ. ನೀವು ಮೂಗಿನಿಂದ ಉಸಿರಾಡಬೇಕು, ಮೊದಲ ನಿಮಿಷ ಸ್ವಲ್ಪ ಕಸಿವಿಸಿ, ಆಮೇಲೆ ಬಹಳ ಜನ ಕಣ್ಣು ಮುಚ್ಚಿಬಿಡುತ್ತಾರೆ. ನೆಗಡಿ ಇದ್ದರೆ, ಲ್ಯಾಟೆಕ್ಸ್ ಅಲರ್ಜಿ ಇದ್ದರೆ ಮುಂಚೆಯೇ ಹೇಳಿ, ಬೇರೆ ಬಗೆಯ ಹಾಳೆಯೂ ಇದೆ.

ಒಬ್ಬ ಅಜ್ಜಿ ನೆನಪಾಗುತ್ತಾರೆ. ಒಂದೇ ದವಡೆಹಲ್ಲಿನ ಫಿಲ್ಲಿಂಗ್ ಬೇರೆ ಬೇರೆ ಕಡೆ ಮೂರು ಸಲ ಹಾಕಿಸಿಕೊಂಡು ಮೂರು ಸಲವೂ ಕಳೆದುಕೊಂಡು ಬಂದಿದ್ದರು. "ನನ್ನ ಹಲ್ಲಿಗೆ ಹಿಡಿಯುವುದೇ ಇಲ್ಲ ಮಗಾ" ಎಂದು ತಮ್ಮ ಹಲ್ಲನ್ನೇ ದೂರಿಕೊಂಡರು. ಹಲ್ಲಿನ ತಪ್ಪಿರಲಿಲ್ಲ. ಕುಳಿಯ ಕೆಳ ಅಂಚು ಒಸಡಿನ ಹತ್ತಿರವಿತ್ತು, ಪ್ರತಿ ಸಲವೂ ಅಲ್ಲಿಂದ ತೇವ ಒಸರಿತ್ತು. ಹಾಳೆ ಹಾಕಿ ಒಂದು ಗಂಟೆ ಕೂರಿಸಿಕೊಂಡು ಮಾಡಿದ ನಾಲ್ಕನೆಯದು ಇವತ್ತಿಗೂ ಇದೆ. ಅದೇ ವಸ್ತು, ಅದೇ ಹಲ್ಲು.

ಎಲ್ಲ ಹಲ್ಲಿಗೂ ಹಾಳೆ ಹಾಕಲಾಗುವುದಿಲ್ಲ ನಿಜ. ಆಗ ಹತ್ತಿಯ ಉರುಳೆಗಳು, ಜೊಲ್ಲು ಹೀರುವ ಕೊಳವೆ, ಪಕ್ಕದಲ್ಲೊಬ್ಬ ಚುರುಕಾದ ಸಹಾಯಕಿ ಇವುಗಳಿಂದ ಕೆಲಸ ನಡೆಯುತ್ತದೆ. "ತೇವ ತಾಗದಂತೆ ಹೇಗೆ ಮಾಡುತ್ತೀರಿ?" ಎಂದು ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ವೈದ್ಯರಿಗೆ ಆ ಪ್ರಶ್ನೆ ಸಂತೋಷವನ್ನೇ ಕೊಡುತ್ತದೆ.

ಹಂತ 6: ಹುಳುಕು ತೆಗೆಯುವುದು

ಕುಯ್ಯ್ ಎನ್ನುವ ಆ ಯಂತ್ರದ ಹೆಸರು ಏರೋಟರ್. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಹಲ್ಲು ಕಾಯದಿರಲೆಂದು ನೀರು ಚಿಮ್ಮುತ್ತಿರುತ್ತದೆ. ಅದನ್ನು ಬಳಸುವುದು ಎನಾಮೆಲ್‌ನ ಬಾಗಿಲು ತೆರೆಯುವುದಕ್ಕೆ. ಒಳಗಿನ ಮೆತ್ತನೆಯ ಹುಳುಕನ್ನು ನಿಧಾನಗತಿಯ ಯಂತ್ರದಿಂದ ಅಥವಾ ಪುಟ್ಟ ಚಮಚದಂಥ ಕೈಸಲಕರಣೆಯಿಂದ ಕೆರೆದು ತೆಗೆಯುತ್ತೇವೆ. ಕೊಳೆತ ಡೆಂಟಿನ್ ನೆನೆದ ಚರ್ಮದ ಹಾಗೆ ಪದರ ಪದರವಾಗಿ ಎದ್ದು ಬರುತ್ತದೆ. ಒಳ್ಳೆಯ ಡೆಂಟಿನ್ ತಲುಪಿದಾಗ ಸಲಕರಣೆಯ ಕೆಳಗೆ ಕರ್ರ್ ಎಂಬ ಒಣ ಸದ್ದು ಕೇಳುತ್ತದೆ. ಕಣ್ಣಿಗಿಂತ ಆ ಸದ್ದನ್ನೂ ಬೆರಳಿನ ಸ್ಪರ್ಶವನ್ನೂ ನಾನು ಹೆಚ್ಚು ನಂಬುತ್ತೇನೆ, ಬಣ್ಣ ಕಂದಾಗಿದ್ದರೂ ಗಟ್ಟಿಯಾಗಿದ್ದರೆ ಬಿಟ್ಟುಬಿಡುತ್ತೇನೆ.

ಸುತ್ತಲಿನ ಅಂಚು ಪೂರ್ತಿ ಗಟ್ಟಿಯಾಗಿರಲೇಬೇಕು, ಅಂಟು ಹಿಡಿಯುವುದು ಅಲ್ಲಿ. ತಳದಲ್ಲಿ, ನರದ ಹತ್ತಿರ, ಒಂದಿಷ್ಟು ಮೆತ್ತನೆಯ ಡೆಂಟಿನ್ ಬಿಡುವುದು ಈಗಿನ ಒಪ್ಪಿತ ಕ್ರಮ. ಪೂರ್ತಿ ಕೆರೆಯಲು ಹೋಗಿ ನರವನ್ನು ಬಯಲಿಗೆ ತರುವುದಕ್ಕಿಂತ, ಬಿಗಿಯಾಗಿ ಮುಚ್ಚಿ ಬ್ಯಾಕ್ಟೀರಿಯಾಕ್ಕೆ ಆಹಾರ ನಿಲ್ಲಿಸುವುದು ಲೇಸು. ಆಳವಾದ ಕುಳಿಯ ತಳಕ್ಕೆ ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ಗ್ಲಾಸ್ ಅಯಾನೊಮರ್‌ನ ತೆಳು ಹಾಸು ಹಾಕುವುದುಂಟು.

ಹಂತ 7: ಪಟ್ಟಿ ಮತ್ತು ಬೆಣೆ

ಕುಳಿ ಎರಡು ಹಲ್ಲುಗಳ ನಡುವೆ ಇದ್ದರೆ ಒಂದು ಬದಿಯ ಗೋಡೆಯೇ ಇರುವುದಿಲ್ಲ. ಅಲ್ಲಿಗೆ ತೆಳು ಲೋಹದ ಬಾಗಿದ ಪಟ್ಟಿ ಇಟ್ಟು, ಬುಡದಲ್ಲಿ ಮರದ ಅಥವಾ ಪ್ಲಾಸ್ಟಿಕ್‌ನ ಬೆಣೆ ತೂರಿಸಿ, ಮೇಲೊಂದು ಉಂಗುರದಿಂದ ಹಲ್ಲುಗಳನ್ನು ಕೂದಲೆಳೆಯಷ್ಟು ದೂರ ಸರಿಸುತ್ತೇವೆ. ಇದು ಸರಿಯಿಲ್ಲದಿದ್ದರೆ ಎರಡು ಹಲ್ಲುಗಳ ನಡುವೆ ಸಂದು ಉಳಿದು, ಪ್ರತಿ ಊಟಕ್ಕೂ ಸೊಪ್ಪಿನ ನಾರು ಸಿಕ್ಕಿ, ಕಡ್ಡಿ ಹುಡುಕುವ ಪಾಡು ಶುರುವಾಗುತ್ತದೆ. ಮುಂದಿನ ಹಲ್ಲಿಗೆ ಲೋಹದ ಬದಲು ಪಾರದರ್ಶಕ ಪಟ್ಟಿ.

ಹಂತ 8: ಆಮ್ಲ, ಅಂಟು

ಅಮೆರಿಕದ ದಂತವೈದ್ಯ ಮೈಕಲ್ ಬ್ಯುನೊಕೋರ್ ಒಂದು ವಿಷಯ ಗಮನಿಸಿದ್ದರು: ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಬಳಿಯುತ್ತಿದ್ದರು. ಅದನ್ನೇ ಹಲ್ಲಿಗೆ ಮಾಡಿದರೆ ಹೇಗೆ ಎಂದು ನೋಡಿ 1955ರಲ್ಲಿ ಪ್ರಕಟಿಸಿದರು. 1962ರಲ್ಲಿ ದಂತಸಂಶೋಧಕ ರಾಫೆಲ್ ಬೋವೆನ್ ಇಂದಿನ ಕಾಂಪೊಸಿಟ್‌ಗಳಿಗೆ ಮೂಲವಾದ ಬಿಸ್-ಜಿಎಂಎ ರಾಳಕ್ಕೆ ಪೇಟೆಂಟ್ ಪಡೆದರು. ಈ ಎರಡು ಕೂಡಿದ್ದರಿಂದಲೇ ಒಳ್ಳೆಯ ಹಲ್ಲನ್ನು ಕೊರೆದು ಹಳ್ಳ ಮಾಡದೆ ಫಿಲ್ಲಿಂಗ್ ನಿಲ್ಲಿಸುವುದು ಸಾಧ್ಯವಾಯಿತು.

ಕುರ್ಚಿಯಲ್ಲಿ ಅದು ಹೀಗೆ ನಡೆಯುತ್ತದೆ. ಸುಮಾರು 37 ಶೇಕಡಾ ಫಾಸ್ಫಾರಿಕ್ ಆಮ್ಲದ ನೀಲಿ ಜೆಲ್ಲನ್ನು ಎನಾಮೆಲ್ ಅಂಚಿಗೆ 15ರಿಂದ 30 ಸೆಕೆಂಡು, ಡೆಂಟಿನ್‌ಗೆ 15 ಸೆಕೆಂಡಿಗಿಂತ ಹೆಚ್ಚಾಗದಂತೆ ಇಟ್ಟು, ನೀರಿನಿಂದ ಚೆನ್ನಾಗಿ ತೊಳೆದು, ಗಾಳಿ ಬಿಡುತ್ತೇವೆ. ಹೊಳೆಯುತ್ತಿದ್ದ ಎನಾಮೆಲ್ ಸೀಮೆಸುಣ್ಣದ ಹಾಗೆ ಮಂಕು ಬಿಳಿಯಾಗುತ್ತದೆ. ಭೂತಗಾಜಿನಲ್ಲಿ ಆ ಬಿಳುಪು ಅಂಚಿನ ಸುತ್ತ ಪೂರ್ತಿ ಕಂಡಾಗ ಮನಸ್ಸಿಗೆ ಒಂದು ಸಮಾಧಾನ. ಅಲ್ಲಿ ಲಕ್ಷಾಂತರ ಸೂಕ್ಷ್ಮ ಗುಳಿಗಳು ತೆರೆದುಕೊಂಡಿವೆ, ಅಂಟು ಇಳಿದು ಕಚ್ಚಿಕೊಳ್ಳುವುದು ಅವುಗಳಲ್ಲೇ. ಈ ಹೊತ್ತಿನಲ್ಲಿ ಜೊಲ್ಲು ತಾಗಿದರೆ ಅದರ ಪ್ರೋಟೀನುಗಳು ಗುಳಿಗಳನ್ನು ಮುಚ್ಚಿಬಿಡುತ್ತವೆ. ಆಗ ಅಲ್ಲಿಗೇ ನಿಲ್ಲಿಸಿ ಮತ್ತೆ ಸ್ವಚ್ಛಗೊಳಿಸಬೇಕು. ಒದ್ದೆ ಗೋಡೆಗೆ ಬಣ್ಣ ಬಳಿದು ಆಮೇಲೆ ಬಣ್ಣದ ಡಬ್ಬವನ್ನು ಬೈದರೆ ಏನು ಬಂತು?

ಡೆಂಟಿನ್ ವಿಷಯ ಮಾತ್ರ ನಾಜೂಕು. ಅದನ್ನು ಬರಡಾಗಿ ಒಣಗಿಸಿದರೆ ಒಳಗಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಕುಸಿದು ಅಂಟು ಒಳಗಿಳಿಯುವುದಿಲ್ಲ, ಆಮೇಲೆ ಹಲ್ಲು ಜುಮ್ಮೆನ್ನುತ್ತದೆ. ತೆಳುವಾದ ಪಸೆ ಅಲ್ಲಿ ಇರಬೇಕು. ಆಮ್ಲವೂ ಅಂಟೂ ಒಂದರಲ್ಲೇ ಕೂಡಿದ ದ್ರವಗಳೂ ಈಗ ಬಂದಿವೆ, ಅವು ಈ ಕಷ್ಟವನ್ನು ಕಡಿಮೆ ಮಾಡಿವೆ. ಅಂಟನ್ನು ಪುಟ್ಟ ಕುಂಚದಿಂದ ತಿಕ್ಕಿ ಹಚ್ಚಿ, ಗಾಳಿಯಿಂದ ತೆಳುಮಾಡಿ, ಬೆಳಕು ಹಿಡಿಯುತ್ತೇವೆ.

ಹಂತ 9: ಪದರ ಪದರವಾಗಿ ತುಂಬುವುದು

ಕಾಂಪೊಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ ಎರಡು ಮೂರರಷ್ಟು ಕುಗ್ಗುತ್ತದೆ. ಕುಳಿಯನ್ನು ಒಂದೇ ಸಲ ತುಂಬಿ ಬೆಳಕು ಹಿಡಿದರೆ ಆ ಕುಗ್ಗುವಿಕೆ ಗೋಡೆಗಳನ್ನು ಎಳೆದು ಅಂಚಿನಲ್ಲಿ ಬಿರುಕು ಬಿಡಿಸುತ್ತದೆ. ಬೆಳಕೂ ತಳ ಮುಟ್ಟುವುದಿಲ್ಲ, ಮೇಲೆ ಕಲ್ಲು, ಕೆಳಗೆ ಹಿಟ್ಟು ಎಂಬಂತಾಗುತ್ತದೆ. ಆದ್ದರಿಂದ ಎರಡು ಮಿಲಿಮೀಟರ್‌ಗಿಂತ ದಪ್ಪವಾಗದ ಪದರ, ಸುಮಾರು 20 ಸೆಕೆಂಡು ನೀಲಿ ಬೆಳಕು, ಮತ್ತೆ ಪದರ, ಮತ್ತೆ ಬೆಳಕು. ಬಲ್ಕ್‌ಫಿಲ್ ಎಂಬ ಬಗೆಯನ್ನು ನಾಲ್ಕು ಮಿಲಿಮೀಟರ್‌ವರೆಗೆ ಹಾಕಬಹುದು. ದೀಪದ ತುದಿ ಹಲ್ಲಿಗೆ ತೀರ ಹತ್ತಿರ, ನೇರವಾಗಿ ಇರಬೇಕು, ಓರೆಯಾದರೆ ಅರೆಬೆಂದಂತೆ. ಆ ನೀಲಿ ಬೆಳಕನ್ನು ನೇರವಾಗಿ ನೋಡಬೇಡಿ, ಕಿತ್ತಳೆ ಬಣ್ಣದ ಕನ್ನಡಕವೋ ಮರೆಯೋ ಇರುವುದು ಅದಕ್ಕೇ.

ಕೊನೆಯ ಪದರದಲ್ಲಿ ಕುಶಲಕಲೆ ಇದೆ. ದವಡೆಹಲ್ಲಿನ ಮೇಲ್ಮೈ ಸಪಾಟಲ್ಲ, ಅಲ್ಲಿ ದಿಬ್ಬಗಳಿವೆ, ಇಳಿಜಾರುಗಳಿವೆ, ನಡುವೆ ಹಳ್ಳದಂಥ ಸೀಳುಗಳಿವೆ. ಒಂದೊಂದು ದಿಬ್ಬವನ್ನೂ ಬೇರೆಯಾಗಿ ಕಟ್ಟಿ, ತೆಳು ಸಲಕರಣೆಯಿಂದ ಸೀಳು ಎಳೆದಾಗ ಅಕ್ಕಿಯೂ ಕಡಲೆಯೂ ಅರೆಯಬಲ್ಲ ನಿಜವಾದ ಹಲ್ಲು ಮರಳಿ ಬರುತ್ತದೆ. ಸಪಾಟಾಗಿ ಒತ್ತಿಬಿಟ್ಟ ಫಿಲ್ಲಿಂಗ್ ತೂತು ಮುಚ್ಚುತ್ತದೆ, ಅಗಿಯುವುದಿಲ್ಲ. ಮುಗಿದ ಮೇಲೆ ಮೇಲ್ಮೈಯಲ್ಲಿ ಗಾಳಿ ತಾಗಿ ಗಟ್ಟಿಯಾಗದ ಅಂಟಂಟು ಪೊರೆ ಉಳಿದಿರುತ್ತದೆ. ಅದನ್ನು ಒರೆಸಿ, ಬಾಯಿ ಮುಕ್ಕಳಿಸಿ ಉಗುಳಬೇಕು. ರಾಳದಿಂದ ಅಲ್ಪ ಪ್ರಮಾಣದಲ್ಲಿ ಹೊರಬರಬಹುದಾದ ರಾಸಾಯನಿಕಗಳೂ ಇದರಿಂದ ಕಡಿಮೆಯಾಗುತ್ತವೆ.

ಹಂತ 10: ಕಚ್ಚಿ ನೋಡುವುದು, ಹೊಳಪು ಕೊಡುವುದು

ಹಾಳೆ ತೆಗೆದ ಮೇಲೆ ಬಣ್ಣದ ತೆಳು ಕಾಗದ ಇಟ್ಟು ಕಚ್ಚಿಸುತ್ತೇವೆ. ಎತ್ತರವಿದ್ದ ಕಡೆ ಗಾಢ ಗುರುತು ಬೀಳುತ್ತದೆ, ಅಷ್ಟನ್ನು ಸವೆಸುತ್ತೇವೆ. ಬರಿದೇ ಮೇಲೆ ಕೆಳಗೆ ಕಚ್ಚಬೇಡಿ, ಎಡಕ್ಕೆ ಬಲಕ್ಕೆ ಅರೆದೂ ತೋರಿಸಿ. ಮರಗಟ್ಟಿದ ಬಾಯಿಗೆ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೇ ಮರುದಿನ ಎತ್ತರ ಅನಿಸಿದರೆ ಸಂಕೋಚವಿಲ್ಲದೆ ಹಿಂದಿರುಗಿ. ಹೊಳಪು ಕೊಡುವುದು ಚಂದಕ್ಕೆ ಮಾತ್ರವಲ್ಲ. ಒರಟು ಮೇಲ್ಮೈಗೆ ಕಲೆಯೂ ಬ್ಯಾಕ್ಟೀರಿಯಾವೂ ಬೇಗ ಹಿಡಿಯುತ್ತವೆ.

ಮನೆಗೆ ಹೋದ ಮೇಲೆ

ಫಿಲ್ಲಿಂಗ್ ಆಗಲೇ ಗಟ್ಟಿಯಾಗಿದೆ, ಕಾಯಬೇಕಾದದ್ದು ತುಟಿಯ ಜೋಮು ಇಳಿಯುವುದಕ್ಕೆ. ಅದಕ್ಕೆ ಮೊದಲು ಉಂಡರೆ ಕೆನ್ನೆ ಕಚ್ಚಿಕೊಳ್ಳುತ್ತೀರಿ. ಮಕ್ಕಳು ತಮಾಷೆಗೆ ತುಟಿ ಕಚ್ಚಿ ಹುಣ್ಣು ಮಾಡಿಕೊಳ್ಳುವುದುಂಟು, ಅವರ ಮೇಲೆ ಕಣ್ಣಿಡಿ. ಮುಂದಿನ ಹಲ್ಲಾದರೆ ಮೊದಲ ಒಂದೆರಡು ದಿನ ಕಾಫಿ, ಅರಿಶಿನ ಹೆಚ್ಚಿರುವ ಅಡುಗೆ, ಎಲೆ ಅಡಿಕೆ ದೂರವಿಡಿ.

ತಣ್ಣನೆಯದಕ್ಕೆ ಸಣ್ಣಗೆ ಜುಮ್ಮೆನ್ನುವುದು ಕೆಲವು ದಿನ, ಹೆಚ್ಚೆಂದರೆ ಎರಡು ವಾರ ಇರಬಹುದು, ದಿನದಿಂದ ದಿನಕ್ಕೆ ಇಳಿಯಬೇಕು. ಕಚ್ಚಿದಾಗ ಮಾತ್ರ ನೋವಾದರೆ ಬಹುಪಾಲು ಎತ್ತರದ ತೊಂದರೆ, ಐದು ನಿಮಿಷದಲ್ಲಿ ಸರಿಯಾಗುತ್ತದೆ. ನೋವು ಏರುತ್ತಾ ಹೋದರೆ, ರಾತ್ರಿ ಎಬ್ಬಿಸಿದರೆ, ಊತ ಬಂದರೆ ಕಾಯಬೇಡಿ. ಆಳದ ಹುಳುಕಿನಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಕೆಲವೊಮ್ಮೆ ನರ ಸೋಲುತ್ತದೆ, ಆಗ ರೂಟ್ ಕೆನಾಲ್ ಬೇಕಾಗುತ್ತದೆ. ಈ ಸಾಧ್ಯತೆಯನ್ನು ವೈದ್ಯರು ಮೊದಲೇ ಹೇಳಿರಬೇಕು.

ಒಳ್ಳೆಯ ಕಾಂಪೊಸಿಟ್ ಹತ್ತು ವರ್ಷ, ಅದಕ್ಕೂ ಹೆಚ್ಚು ಬಾಳುವುದನ್ನು ಕಂಡಿದ್ದೇನೆ. ಅದನ್ನು ಕೊಲ್ಲುವವರು ಇಬ್ಬರು: ಅಂಚಿನಲ್ಲಿ ಹೊಸದಾಗಿ ಹುಟ್ಟುವ ಹುಳುಕು ಮತ್ತು ಒಡೆತ. ಮೊದಲನೆಯದಕ್ಕೆ ಫ್ಲೋರೈಡ್ ಟೂತ್‌ಪೇಸ್ಟ್‌ನಿಂದ ದಿನಕ್ಕೆರಡು ಸಲ ಉಜ್ಜುವುದು, ಹಲ್ಲಿನ ನಡುವೆ ದಾರ ಆಡಿಸುವುದು. ಎರಡನೆಯದಕ್ಕೆ ಅಡಿಕೆಯನ್ನೂ ಮಂಜುಗಡ್ಡೆಯನ್ನೂ ಹಲ್ಲಿನಿಂದ ಒಡೆಯದಿರುವುದು, ನಿದ್ದೆಯಲ್ಲಿ ಹಲ್ಲು ಕಡಿಯುವವರಾದರೆ ರಾತ್ರಿ ಹಾಕುವ ಕವಚ ಮಾಡಿಸಿಕೊಳ್ಳುವುದು. ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿಯಿಂದ ಅಡ್ಡಡ್ಡ ತಿಕ್ಕಿ ಕುತ್ತಿಗೆಯ ಬಳಿ ಕಚ್ಚು ಬಿದ್ದ ಹಲ್ಲುಗಳಿಗೂ ನಾವು ಕಾಂಪೊಸಿಟ್ ತುಂಬುತ್ತೇವೆ. ತಿಕ್ಕುವ ಅಭ್ಯಾಸ ಬಿಡದಿದ್ದರೆ ಅದೂ ಸವೆದುಹೋಗುತ್ತದೆ.

ಅಂಚಿನಲ್ಲಿ ಕಲೆ ಅಥವಾ ಸಣ್ಣ ಮುಕ್ಕು ಕಂಡರೆ ಇಡೀ ಫಿಲ್ಲಿಂಗ್ ತೆಗೆಸಬೇಕೆಂದಿಲ್ಲ. ಹಳೆಯ ಕಾಂಪೊಸಿಟ್ ಮೇಲೆ ಹೊಸದನ್ನು ಬೆಸೆಯಬಹುದು. ಪ್ರತಿ ಸಲ ಪೂರ್ತಿ ತೆಗೆದಾಗಲೂ ಕುಳಿ ಸ್ವಲ್ಪ ದೊಡ್ಡದಾಗುತ್ತದೆ, ಹಾಗಾಗಿ ದುರಸ್ತಿ ಸಾಧ್ಯವೇ ಎಂದು ಮೊದಲು ಕೇಳಿ.

ಮಗು ಬಿದ್ದು ಮುಂದಿನ ಹಲ್ಲು ಮುರಿದುಕೊಂಡರೆ

ಹಾಲುಹಲ್ಲು ಉದುರಿ ಬಂದ ಶಾಶ್ವತ ಬಾಚಿಹಲ್ಲಿನ ತುದಿ ಮುರಿದಿದ್ದರೆ ಆ ಚೂರನ್ನು ಹುಡುಕಿ. ಶಾಲೆಯ ಅಂಗಳವಾದರೂ ಸರಿ, ಬಚ್ಚಲಿನ ಮೂಲೆಯಾದರೂ ಸರಿ. ಸಿಕ್ಕರೆ ಒಣಗಲು ಬಿಡದೆ ಒಂದು ಲೋಟ ಹಾಲಿನಲ್ಲೋ ನೀರಿನಲ್ಲೋ ಹಾಕಿ ಮಗುವಿನ ಜೊತೆ ಕರೆತನ್ನಿ. ಅದೇ ಆಮ್ಲ, ಅದೇ ಅಂಟು, ಅದೇ ಕಾಂಪೊಸಿಟ್ ಬಳಸಿ ಆ ಚೂರನ್ನೇ ಮರಳಿ ಬೆಸೆಯಬಹುದು, ಬಣ್ಣ ಹೊಂದಿಸುವ ಚಿಂತೆಯೇ ಇರುವುದಿಲ್ಲ. ತುಟಿ ಒಡೆದು ಊದಿದ್ದು ಚೂರು ಎಲ್ಲೂ ಸಿಗದಿದ್ದರೆ ತುಟಿಯೊಳಗೆ ಹೊಕ್ಕಿರಬಹುದು, ವೈದ್ಯರಿಗೆ ಹೇಳಿ ನೋಡಿಸಿ. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ ನರ ಬಯಲಾಗಿದೆ, ಅದೇ ದಿನ ಹೊರಡಿ.

ಚೂರು ಸಿಗದಿದ್ದರೂ ಕಾಂಪೊಸಿಟ್‌ನಿಂದಲೇ ತುದಿಯನ್ನು ಕಟ್ಟಬಹುದು. ಯಾವ ಹಲ್ಲಿಗೆ, ಯಾವ ತಾರೀಖಿಗೆ, ಯಾವ ಛಾಯೆಯ ಯಾವ ವಸ್ತು ಹಾಕಲಾಯಿತು, ಕುಳಿ ಎಷ್ಟು ಆಳವಿತ್ತು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಎಕ್ಸ್‌ರೇ ಜೊತೆ ಮನೆಯಲ್ಲಿಡಿ. ಕೆಳಗಿನ ಎಡದ ಮೊದಲ ದವಡೆಹಲ್ಲಾದರೆ 36, ಬಲದ್ದಾದರೆ 46 ಎಂದು ಅದರಲ್ಲಿ ಬರೆದಿರುತ್ತದೆ. ಮುಂದೆ ಯಾವ ಊರಿನ ಯಾವ ದಂತವೈದ್ಯರ ಬಳಿ ಹೋದರೂ ಆ ಚೀಟಿ ಅವರ ಅರ್ಧ ಕೆಲಸವನ್ನು ಹಗುರಮಾಡುತ್ತದೆ.